ಜೋಪಡಿ ಎಣಿಸಿದವರು, ಎಣಿಕೆಗೆ ಸಿಕ್ಕದವರು

1864ರ ಫೆಬ್ರವರಿ 1ರಂದು ಮುಂಬಯಿಯ ಮೊದಲ ವ್ಯವಸ್ಥಿತ ಜನಗಣತಿ ನಡೆದಾಗ ಊರಿನಲ್ಲಿ 8,16,562 ಜನರಿದ್ದರು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂದಿದ್ದ ದಿನಗಳವು. ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಬ್ಯಾಂಕುಗಳು ಮುಳುಗಿದವು. 1872ರ ಗಣತಿಗೆ ಸಿಕ್ಕವರು 6,44,405 ಮಂದಿ ಮಾತ್ರ. ಪ್ಲೇಗಿನ ನಡುವೆ ನಡೆದ 1901ರ ಗಣತಿಯ ಕಥೆ ಇನ್ನೂ ವಿಚಿತ್ರ. ಹೆದರಿದವರೆಲ್ಲ ತಮ್ಮ ತಮ್ಮ ಊರು ಸೇರಿಕೊಂಡಿದ್ದರಿಂದ, ನಡುವೆ ಮತ್ತೆ ಏರಿದ್ದ ಲೆಕ್ಕ 7,76,006ಕ್ಕೆ ಇಳಿಯಿತು. ಸಾವಿನ ಪ್ರಮಾಣ ಹೇಳಬೇಕಾದರೆ ಬದುಕಿರುವವರ ಸಂಖ್ಯೆ ಸರಿಯಿರಬೇಕಲ್ಲ? ಮುಂದಿನ ದಶಕದ ಗಣತಿಗೆ ಕಾಯದೆ 1906ರಲ್ಲಿ ನಗರಕ್ಕಷ್ಟೇ ಪ್ರತ್ಯೇಕ ಗಣತಿ ನಡೆಯಿತು. ಆಗ ಸಿಕ್ಕಿದ ಸಂಖ್ಯೆ 9,77,822.

ಇವೆಲ್ಲ ಊರನ್ನು ತಿಳಿದುಕೊಳ್ಳಲು ಮಾಡಿದ ಲೆಕ್ಕಗಳು. ಯಾರು ಊರಿನಲ್ಲಿ ಉಳಿಯಬಹುದು, ಯಾರು ಉಳಿಯಬಾರದು ಎಂದು ತೀರ್ಮಾನಿಸುವ ಲೆಕ್ಕ ಬಂದದ್ದು ಬಹಳ ತಡವಾಗಿ, 1976ರಲ್ಲಿ.

ತುರ್ತುಪರಿಸ್ಥಿತಿಯ ಕಾಲ. ಜನವರಿ 4, ಭಾನುವಾರ. ಮಹಾರಾಷ್ಟ್ರ ಸರ್ಕಾರ ಒಂದೇ ದಿನದಲ್ಲಿ ನಗರದ ಜೋಪಡಪಟ್ಟಿಗಳನ್ನೆಲ್ಲ ಎಣಿಸಿತು. 1,680 ವಸತಿಗಳಲ್ಲಿ ಸುಮಾರು 28 ಲಕ್ಷ ಜನ ಸಿಕ್ಕರು. ಎಣಿಕೆಗೆ ಸಿಕ್ಕ ಕುಟುಂಬಕ್ಕೆ ಫೋಟೋಪಾಸ್ ಎಂಬ ಗುರುತುಚೀಟಿ ಕೊಡಲಾಯಿತು. ಜೋಪಡಿ ಕೆಡವಿದರೆ ಬದಲಿ ಜಾಗ ಸಿಗುವ ಭರವಸೆ ಅದರಲ್ಲಿತ್ತು. ಭಾನುವಾರ ಮನೆಯಲ್ಲಿದ್ದವನಿಗೆ ಹಕ್ಕು, ಊರಿಗೆ ಹೋಗಿದ್ದವನಿಗೆ ಇಲ್ಲ. ಅಂಕಿಸಂಖ್ಯೆಯ ಕಾಗದ ಮನೆಯ ಪತ್ರವಾಗಿ ಮಾರ್ಪಟ್ಟದ್ದು ಹೀಗೆ. ಫುಟ್‌ಪಾತಿನಲ್ಲಿ ಗುಡಿಸಲು ಕಟ್ಟಿಕೊಂಡವರಂತೂ ಈ ಎಣಿಕೆಯ ಹೊರಗೇ ಉಳಿದರು.

ಅದೇ ವರ್ಷದ ಮೇ ತಿಂಗಳಲ್ಲಿ ಟ್ರಾಂಬೆಯ ಜನತಾ ಕಾಲನಿಯನ್ನು ನೆಲಸಮ ಮಾಡಲಾಯಿತು. ಪಕ್ಕದ ಭಾಭಾ ಅಣುಶಕ್ತಿ ಕೇಂದ್ರಕ್ಕೆ ಆ ಜಾಗ ಬೇಕಾಗಿತ್ತು. ಸುಮಾರು 70 ಸಾವಿರ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಿದರು. ಈ ತೆರವಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಜೋಕಿನ್ ಅರ್ಪುತಂ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಹರೆಯದಲ್ಲಿ ಮುಂಬಯಿಗೆ ಬಂದು ಜನತಾ ಕಾಲನಿಯಲ್ಲಿ ನೆಲೆಸಿದರು. ಪಾಲಿಕೆ ಕಸ ಎತ್ತದಿದ್ದಾಗ ಮಕ್ಕಳ ಕೈಯಲ್ಲಿ ಕಸ ಹೊರಿಸಿ ಪಾಲಿಕೆಯ ಕಚೇರಿ ಎದುರೇ ಸುರಿಸಿದ ಮನುಷ್ಯ. ಮುಂದೆ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟವನ್ನು ಕಟ್ಟಿದರು.

1981ರ ಜುಲೈಯಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಲೆ ಫುಟ್‌ಪಾತ್ ನಿವಾಸಿಗಳನ್ನು ತೆರವುಗೊಳಿಸಿ ಅವರವರ ಊರಿಗೆ ಕಳಿಸುವುದಾಗಿ ಘೋಷಿಸಿದರು. ಮಳೆ ಸುರಿಯುತ್ತಿರುವಾಗಲೇ ಗುಡಿಸಲು ಬಿದ್ದವು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1985ರ ಜುಲೈ 10ರ ತೀರ್ಪು ಜೀವನೋಪಾಯವೂ ಬದುಕುವ ಹಕ್ಕಿನ ಭಾಗವೆಂದಿತು, ಆದರೆ ಫುಟ್‌ಪಾತಿನಲ್ಲಿ ಇರುವ ಹಕ್ಕು ಕೊಡಲಿಲ್ಲ. ಬದಲಿ ಜಾಗದ ಪ್ರಶ್ನೆ ಬಂದಾಗ ನ್ಯಾಯಾಲಯವೂ 1976ರ ಗಣತಿಯ ಗುರುತುಚೀಟಿಯನ್ನೇ ನೋಡಿತು.

ಅದೇ ವರ್ಷ ಸ್ಪಾರ್ಕ್ ಸಂಸ್ಥೆ ಬೈಕಲಾದ ಸುತ್ತಮುತ್ತ ಸುಮಾರು 6,000 ಫುಟ್‌ಪಾತ್ ಕುಟುಂಬಗಳನ್ನು ಎಣಿಸಿತು. ನಿನ್ನೆ ಮೊನ್ನೆ ಬಂದ ಅಲೆಮಾರಿಗಳು ಎಂಬ ಸರ್ಕಾರಿ ನಂಬಿಕೆ ಸುಳ್ಳಾಯಿತು. ಎಷ್ಟೋ ಕುಟುಂಬಗಳು ಹತ್ತು ವರ್ಷಕ್ಕೂ ಮೀರಿ ಅಲ್ಲೇ ಇದ್ದವು, ದುಡಿಯುವವರಲ್ಲಿ ಹೆಚ್ಚಿನವರು ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಫುಟ್‌ಪಾತಿನ ಹೆಂಗಸರ ಮಹಿಳಾ ಮಿಲನ್ ಸಂಘ ಹುಟ್ಟಿದ್ದು ಈ ಓಡಾಟದಿಂದಲೇ. ಜೋಕಿನ್ ಅವರ ಒಕ್ಕೂಟವೂ ಜೊತೆಗೂಡಿತು. ವಸತಿಯವರೇ ಗಲ್ಲಿ ಗಲ್ಲಿ ಸುತ್ತಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು, ನಕ್ಷೆ ಹಾಕಿಕೊಂಡು ಪಟ್ಟಿ ಮಾಡುವುದು ಅವರ ಪದ್ಧತಿ. ಗಲ್ಲಿಯವನ ಮುಂದೆ ಇಲ್ಲದ ಮಕ್ಕಳನ್ನು ಪಟ್ಟಿಗೆ ಸೇರಿಸುವುದು ಸುಲಭವಲ್ಲ ಎಂಬುದು ಇದರ ದೊಡ್ಡ ಲಾಭ.

ಇದರ ಬಲ ಗೊತ್ತಾದದ್ದು ಧಾರಾವಿಯಲ್ಲಿ. 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮುಂಬಯಿಗೆ 100 ಕೋಟಿ ರೂಪಾಯಿ ಘೋಷಿಸಿದರು, ಅದರಲ್ಲಿ ಒಂದು ಪಾಲು ಧಾರಾವಿಗೆ. ಅಲ್ಲಿ ಎರಡೂವರೆ ಲಕ್ಷ ಜನರಿದ್ದಾರೆ ಎಂಬ ಅಂದಾಜು ಸರ್ಕಾರದ್ದು. ಒಕ್ಕೂಟ ಮತ್ತು ಸ್ಪಾರ್ಕ್ 1986ರಲ್ಲಿ ಎಣಿಸಿದಾಗ ಸಿಕ್ಕವರು 5 ಲಕ್ಷ 30 ಸಾವಿರ, ಮನೆಗಳೇ 86 ಸಾವಿರ. ಅರ್ಧ ಊರನ್ನೇ ಬಿಟ್ಟು ಯೋಜನೆ ಹಾಕಿದರೆ ಮಿಕ್ಕರ್ಧ ಎಲ್ಲಿಗೆ ಹೋಗಬೇಕು?

1988ರಲ್ಲಿ ರೈಲು ಹಳಿಗಳ ಪಕ್ಕದ ಸುಮಾರು 18 ಸಾವಿರ ಜೋಪಡಿಗಳ ಎಣಿಕೆ ನಡೆಯಿತು, ಈ ಸಲ ಸರ್ಕಾರ ಮತ್ತು ರೈಲ್ವೆಯ ಜೊತೆಗೂಡಿ. ಹಳಿಯ ಮಗ್ಗುಲಲ್ಲೇ ಮನೆಗಳಿದ್ದುದರಿಂದ ಲೋಕಲ್ ಗಾಡಿಗಳು ಅಲ್ಲಿ ತೆವಳಬೇಕಿತ್ತು. ಮುಂದೆ ವಿಶ್ವಬ್ಯಾಂಕ್ ನೆರವಿನ ನಗರ ಸಾರಿಗೆ ಯೋಜನೆಯಲ್ಲಿ ಹಳಿ ಪಕ್ಕದವರಿಗೆ ಬೇರೆ ಮನೆ ಕೊಡುವಾಗ ವಸತಿಯವರು ಸೇರಿ ತಯಾರಿಸಿದ ಪಟ್ಟಿಗಳು ಕೆಲಸಕ್ಕೆ ಬಂದವು. ಸರ್ಕಾರದ ಅಂಕಿ ಸುಧಾರಿಸುವ ದಾರಿ ಯಾವುದು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಮುಂಬಯಿಯಲ್ಲಿ ಸಿಗುವುದು ಕಷ್ಟ. ಜೋಕಿನ್‌ಗೆ 2000ದಲ್ಲಿ ಮ್ಯಾಗ್ಸೆಸೆ, 2011ರಲ್ಲಿ ಪದ್ಮಶ್ರೀ ಬಂತು. ಅವರು ತೀರಿಕೊಂಡದ್ದು 2018ರ ಅಕ್ಟೋಬರಿನಲ್ಲಿ.

ಆದರೂ 1976ರ ಆ ಭಾನುವಾರದ ಗುಣ ಹೋಗಲಿಲ್ಲ. ಫಲಾನಾ ದಿನಕ್ಕೆ ಮುಂಚೆ ಇದ್ದವರಿಗೆ ಮಾತ್ರ ಎಂಬ ಗಡುವು 1976ರಿಂದ 1980ಕ್ಕೆ, 1985ಕ್ಕೆ, 1995ಕ್ಕೆ, 2000ಕ್ಕೆ, ಕೊನೆಗೆ 2011ಕ್ಕೆ ಸರಿಯಿತು. ಚುನಾವಣೆ ಹತ್ತಿರವಾದಂತೆ ಸರಿಯುತ್ತದೆ ಎಂದು ಮುಂಬಯಿಕರರು ನಗುತ್ತಾರೆ. ಮತದಾರರ ಪಟ್ಟಿ, ರೇಷನ್ ಕಾರ್ಡು, ಹಳೆಯ ಕರೆಂಟ್ ಬಿಲ್ಲು ಹೀಗೆ ಪುರಾವೆಗಳ ಕಟ್ಟು ಹೊತ್ತು ಜನ ಕಚೇರಿ ಸುತ್ತುವಂತಾಯಿತು.

ರಾಷ್ಟ್ರೀಯ ಜನಗಣತಿ ಕೊಳೆಗೇರಿಗಳನ್ನು ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡದ್ದು 2001ರಲ್ಲಿ ಮೊದಲು. ಬೃಹನ್ಮುಂಬಯಿಯ ಶೇ. 54 ಮಂದಿ ಅಲ್ಲಿದ್ದರು. 2011ರಲ್ಲಿ 1 ಕೋಟಿ 24 ಲಕ್ಷ ಜನಸಂಖ್ಯೆಯಲ್ಲಿ 52 ಲಕ್ಷ, ಅಂದರೆ ಶೇ. 42ರ ಆಸುಪಾಸು. ಅಷ್ಟು ಜನಕ್ಕೆ ಹತ್ತೇ ವರ್ಷದಲ್ಲಿ ಪಕ್ಕಾ ಮನೆ ಸಿಕ್ಕಿತೆಂದು ನಂಬುವುದು ಕಷ್ಟ. ಕೊಳೆಗೇರಿ ಎಂದರೆ ಯಾವುದು ಎಂಬ ವ್ಯಾಖ್ಯೆ, ಗಡಿ ಗುರುತಿಸುವ ರೀತಿ ಸ್ವಲ್ಪ ಆಚೀಚೆಯಾದರೂ ಲಕ್ಷಗಟ್ಟಲೆ ಜನ ಕೋಷ್ಟಕದಿಂದ ಕೋಷ್ಟಕಕ್ಕೆ ಜಾರುತ್ತಾರೆ.

ಧಾರಾವಿಯಲ್ಲಿ ಮರುಅಭಿವೃದ್ಧಿಗಾಗಿ 2024ರಲ್ಲಿ ಮತ್ತೆ ಮನೆಮನೆ ಸರ್ವೆ ಶುರುವಾಯಿತು, ಬಾಗಿಲುಗಳ ಮೇಲೆ ಮತ್ತೆ ನಂಬರು ಬಿದ್ದವು. ಅಲ್ಲೇ ಉಚಿತ ಮನೆ ಪಡೆಯಲು 2000ದ ಜನವರಿ 1ಕ್ಕೆ ಮುಂಚಿನ ಪುರಾವೆ ತೋರಿಸಬೇಕು. ದೇಶದ ಜನಗಣತಿ 2021ರಲ್ಲಿ ನಡೆಯಬೇಕಿತ್ತು. ಈಗ ಅದಕ್ಕೆ ನಿಗದಿಯಾಗಿರುವ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ಮುಂಬಯಿಯ ಕೊಳೆಗೇರಿಗಳ ಬಗ್ಗೆ ಜನಗಣತಿಯಿಂದ ಸಿಗುವುದು 2011ರ ಅಂಕಿಗಳೇ.