ಹತ್ತು ಸಾಲಿನ ಹಿಂದೆ ಕಾಲು ಶತಮಾನ

ವೆಬ್ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲ ಪಾಠವನ್ನು ಸ್ಟಾರ್ಲೆಟ್‌ನಲ್ಲಿ ಮಾಡುತ್ತೇನೆ. ಇದು ಪೈಥಾನ್‌ನ ಹಗುರ ಫ್ರೇಮ್‌ವರ್ಕ್. ಪಿಪ್ ಆಜ್ಞೆ ಕೊಟ್ಟು ಸ್ಟಾರ್ಲೆಟ್, ಅದನ್ನು ಓಡಿಸುವ ಯುವಿಕಾರ್ನ್ ಸರ್ವರ್ ಎರಡನ್ನೂ ಹಾಕಿಕೊಂಡು ಹತ್ತು ಸಾಲಿನೊಳಗೆ ಕೋಡ್ ಬರೆದು ಸರ್ವರ್ ಓಡಿಸಿದರೆ, 8000ನೇ ಪೋರ್ಟ್‌ನಲ್ಲಿ ಪುಟ ಬಂದು ನಿಲ್ಲುತ್ತದೆ. ‘ಇಷ್ಟೇನಾ ಸರ್?’ ಎನ್ನುತ್ತಾರೆ. ಬರೆಯುವುದು ಇಷ್ಟೇ. ಆದರೆ ಇದು ಇಷ್ಟು ಸಲೀಸಾಗಲು ಇಪ್ಪತ್ತೈದು ವರ್ಷ ಹಿಡಿಯಿತು. ಆ ಕಥೆ ಗೊತ್ತಿಲ್ಲದವನಿಗೆ ಆ ಕೋಡಿನಲ್ಲಿ ಬರುವ ‘ಅಸಿಂಕ್’, ‘ಅವೇಯ್ಟ್’ ಎಂಬ ಎರಡು ಪದಗಳು ಬರೀ ಮಂತ್ರ.

1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯಿಂದ, ಸರ್ವರ್ ಒಂದು ಪ್ರೋಗ್ರಾಂ ಓಡಿಸಿ ಪುಟ ಕೊಡುವ ಸಿಜಿಐ ಪದ್ಧತಿ ಬಂತು. ಒಬ್ಬರು ಪುಟ ಕೇಳಿದರೆ ಒಂದು ಹೊಸ ಪ್ರೊಸೆಸ್ ಹುಟ್ಟಬೇಕು, ಉತ್ತರ ಕೊಟ್ಟು ಸಾಯಬೇಕು. 1995ರ ಅಪಾಚೆ ಸರ್ವರ್ ಒಂದಷ್ಟು ಪ್ರೊಸೆಸ್‌ಗಳನ್ನು ಮೊದಲೇ ಸಿದ್ಧ ಇಟ್ಟುಕೊಂಡಿತು. ಹುಟ್ಟಿಸುವ ಖರ್ಚು ಉಳಿಯಿತು, ಆದರೆ ಒಬ್ಬರಿಗೆ ಒಂದು ಎಂಬ ಲೆಕ್ಕ ಹಾಗೇ ಉಳಿಯಿತು. ಡೇಟಾಬೇಸ್ ಉತ್ತರಿಸುವವರೆಗೂ ಆ ಪ್ರೊಸೆಸ್ ಮೆಮೊರಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿತ್ತು.

1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಪ್ರೋಗ್ರಾಮರ್ ಇದನ್ನೇ ಹಿಡಿದು ಕೇಳಿದ: ಒಂದೇ ಸರ್ವರ್ ಏಕಕಾಲಕ್ಕೆ ಹತ್ತು ಸಾವಿರ ಜನರನ್ನು ಯಾಕೆ ಸಂಭಾಳಿಸಬಾರದು? ಯಂತ್ರಕ್ಕೆ ತಾಕತ್ತಿದೆ, ತೊಡಕೆಲ್ಲ ಸಾಫ್ಟ್‌ವೇರಿನದು ಎಂಬುದು ಅವನ ವಾದ. ‘ಸಿ10ಕೆ’ ಎಂದೇ ಆ ಪ್ರಶ್ನೆಗೆ ಹೆಸರಾಯಿತು. 2000ದಲ್ಲಿ ಫ್ರೀಬಿಎಸ್‌ಡಿಗೆ ಕೆಕ್ಯೂ, 2002ರಲ್ಲಿ ಲಿನಕ್ಸ್‌ಗೆ ಇಪೋಲ್ ಬಂದವು. ಸಾವಿರಾರು ಸಂಪರ್ಕಗಳಲ್ಲಿ ಯಾವುದಕ್ಕೆ ಉತ್ತರ ಬಂದಿದೆ ಎಂದು ಆಪರೇಟಿಂಗ್ ಸಿಸ್ಟಮ್ಮೇ ಹೇಳತೊಡಗಿತು. ಗಿರಣಿಯಲ್ಲಿ ಗೋಧಿ ಡಬ್ಬಿ ಇಟ್ಟು, ಹಿಟ್ಟಾಗುವಷ್ಟರಲ್ಲಿ ತರಕಾರಿ ತಂದು ಕರೆಂಟ್ ಬಿಲ್ಲನ್ನೂ ಕಟ್ಟಿ ಬರುವವರ ಜಾಣತನ ಇದು. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಸರ್ವರ್ ಇದೇ ದಾರಿಯದು.

ಪೈಥಾನ್‌ನಲ್ಲಿ ಈ ದಾರಿ ತುಳಿದವರಲ್ಲಿ ಗ್ಲಿಫ್ ಲೆಫ್ಕೊವಿಟ್ಜ್ ಮೊದಲಿಗರ ಸಾಲಿನವರು. ಅವರ ಟ್ವಿಸ್ಟೆಡ್ ಫ್ರೇಮ್‌ವರ್ಕ್ 2002ರ ಹೊತ್ತಿಗೆ ಹೊರಬಂತು. ಕೆಲಸಕ್ಕೇನೋ ಗಟ್ಟಿ, ಓದಲು ಮಾತ್ರ ಕಷ್ಟ. ಆ ಕೋಡನ್ನು ನಾನು ವರ್ಷಗಟ್ಟಲೆ ಓದಿದ್ದೇನೆ. ಡೇಟಾಬೇಸ್‌ಗೆ ಪ್ರಶ್ನೆ ಕಳಿಸುವುದು ಒಂದು ಫಂಕ್ಷನ್, ಉತ್ತರ ಬಂದಮೇಲಿನದು ಇನ್ನೊಂದು, ತಪ್ಪಾದರೆ ಮತ್ತೊಂದು. ಮೇಲಿನಿಂದ ಕೆಳಕ್ಕೆ ಓದಿದರೆ ಏನೂ ತಿಳಿಯುತ್ತಿರಲಿಲ್ಲ. 2009ರಲ್ಲಿ ಫ್ರೆಂಡ್‌ಫೀಡ್ ಕಂಪನಿಯವರ ಟೊರ್ನಾಡೊ ಬಂತು. ಅದೇ ವರ್ಷ ರಯಾನ್ ಡಾಲ್ ಬರ್ಲಿನ್‌ನಲ್ಲಿ ಜಾವಾಸ್ಕ್ರಿಪ್ಟ್‌ನ ನೋಡ್ ಜೆಎಸ್ ತೋರಿಸಿದ. ಉತ್ತರ ಬಂದಮೇಲೆ ಕರೆಯಬೇಕಾದ ಆ ಬಿಡಿ ಫಂಕ್ಷನ್‌ಗಳ, ಅಂದರೆ ಕಾಲ್‌ಬ್ಯಾಕ್‌ಗಳ, ಕಾಟ ಮಾತ್ರ ತಪ್ಪಲಿಲ್ಲ.

‘ಹಗುರ’ ಎಂಬುದರ ಕಥೆ ಬೇರೆ ಕಡೆ ನಡೆಯುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಆರ್ಮಿನ್ ರೊನಾಕರ್ ಫ್ಲಾಸ್ಕ್ ಹೊರತಂದ. ಒಂದೇ ಫೈಲಿನಲ್ಲಿ ಇಡೀ ಆಪ್! ಆದರೆ ಅದು ನಿಂತದ್ದು ಸರ್ವರ್ ಮತ್ತು ಆಪ್ ನಡುವಿನ 2003ರ ಡಬ್ಲ್ಯುಎಸ್‌ಜಿಐ ಒಪ್ಪಂದದ ಮೇಲೆ. ಪ್ರಶ್ನೆ ಬಂತು, ಉತ್ತರ ಹೋಯಿತು. ನಡುವೆ ಬೇರೆಯವರತ್ತ ತಿರುಗಲು ಅದರಲ್ಲಿ ಅವಕಾಶವಿರಲಿಲ್ಲ.

ಪೈಥಾನ್‌ನ ಜನಕ ಗುಯಿಡೊ ವ್ಯಾನ್ ರೋಸಮ್ ಕೈಹಾಕಿದ ಮೇಲೆ, ಕಾಯುವ ಕೆಲಸಗಳನ್ನು ನಿಭಾಯಿಸುವ ಅಸಿಂಕ್‌ಐಒ ಲೈಬ್ರರಿ 2014ರಲ್ಲಿ ಪೈಥಾನ್ 3.4ರ ಒಳಗೇ ಸೇರಿತು. ಮರುವರ್ಷ 3.5ರಲ್ಲಿ ಯೂರಿ ಸೆಲಿವಾನೊವ್ ಪ್ರಸ್ತಾವದಂತೆ ‘ಅಸಿಂಕ್’, ‘ಅವೇಯ್ಟ್’ ಬಂದವು. ಕಾಯುವ ಕೋಡನ್ನೂ ಮತ್ತೆ ಮೇಲಿನಿಂದ ಕೆಳಕ್ಕೆ ಓದುವಂತಾಯಿತು. ಆಂಡ್ರ್ಯೂ ಗಾಡ್ವಿನ್ ಪೈಥಾನ್‌ನ ಇನ್ನೊಂದು ಫ್ರೇಮ್‌ವರ್ಕ್ ಆದ ಜ್ಯಾಂಗೊಗಾಗಿ ದುಡಿಯುತ್ತ ಎಎಸ್‌ಜಿಐ ಎಂಬ ಹೊಸ ಒಪ್ಪಂದ ರೂಪಿಸಿದ. ಅದನ್ನು ಆಧರಿಸಿ ಟಾಮ್ ಕ್ರಿಸ್ಟಿ ಯುವಿಕಾರ್ನ್ ಸರ್ವರನ್ನೂ 2018ರಲ್ಲಿ ಸ್ಟಾರ್ಲೆಟನ್ನೂ ಕಟ್ಟಿದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೆಬಾಸ್ಟಿಯನ್ ರಮಿರೆಜ್ ಸ್ಟಾರ್ಲೆಟ್ ಮೇಲೆಯೇ ಫಾಸ್ಟ್‌ಎಪಿಐ ನಿಲ್ಲಿಸಿದ.

ಇಷ್ಟು ಹೇಳಿದ ಮೇಲೆ ಹುಡುಗರಿಂದ ಒಂದು ಪ್ರಯೋಗ ಮಾಡಿಸುತ್ತೇನೆ. ‘ಅಸಿಂಕ್ ಡೆಫ್’ ಎಂದು ಬರೆದ ಫಂಕ್ಷನ್ನಿನೊಳಗೆ ‘ಟೈಮ್ ಡಾಟ್ ಸ್ಲೀಪ್’ ಹಾಕಿ ಐದು ಸೆಕೆಂಡ್ ಕೊಡಿ. ಎರಡು ಟರ್ಮಿನಲ್‌ನಿಂದ ಒಟ್ಟಿಗೆ ಕರ್ಲ್ ಆಜ್ಞೆ ಕೊಟ್ಟು ಪುಟ ಕೇಳಿ. ಮೊದಲನೆಯದಕ್ಕೆ ಐದು ಸೆಕೆಂಡ್, ಎರಡನೆಯದಕ್ಕೆ ಸುಮಾರು ಹತ್ತು. ಅದನ್ನು ತೆಗೆದು ‘ಅವೇಯ್ಟ್ ಅಸಿಂಕ್‌ಐಒ ಡಾಟ್ ಸ್ಲೀಪ್’ ಹಾಕಿದರೆ ಎರಡೂ ಐದರಲ್ಲೇ ಮುಗಿಯುತ್ತವೆ. ‘ಅಸಿಂಕ್’ ಎಂದು ಹಣೆಗೆ ಬರೆದುಕೊಂಡರೆ ಸಾಲದು, ಕಾಯುವ ಜಾಗದಲ್ಲಿ ದಾರಿ ಬಿಡಬೇಕು ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಹಾಗಂತ ಎಲ್ಲಕ್ಕೂ ಇದು ಮದ್ದಲ್ಲ. ಡೇಟಾಬೇಸ್, ಬೇರೆ ಸರ್ವರ್, ಚಾಟ್ ಸಂಪರ್ಕ ಎಂದು ಕಾಯುವುದೇ ಹೆಚ್ಚಿದ್ದರೆ ಅಸಿಂಕ್ ಬಳಸಿ. ಚಿತ್ರ ಕುಗ್ಗಿಸುವುದು, ದೊಡ್ಡ ಲೆಕ್ಕ ಮಾಡುವುದು ಇಂಥವೇ ಹೆಚ್ಚಿದ್ದರೆ ಅದರಿಂದ ಲಾಭವಿಲ್ಲ. ಆ ಭಾರವನ್ನು ಬೇರೆ ಪ್ರೊಸೆಸ್‌ಗೆ ದಾಟಿಸಿ. ದಿನಕ್ಕೆ ನೂರು ಜನ ಬರುವ ಆಪ್ ಆದರೆ ಹಳೆಯ ಫ್ಲಾಸ್ಕ್ ಧಾರಾಳ ಸಾಕು.