ರೋಗಪತ್ತೆ ಪರೀಕ್ಷೆಗಳ ಮೌಲ್ಯಮಾಪನ: ಇತಿಹಾಸ

ರಕ್ತ, ಕಫ, ಎಕ್ಸ್-ರೇ, ಸ್ಕ್ಯಾನ್ ಮೊದಲಾದ ಪರೀಕ್ಷೆಗಳು ರೋಗವನ್ನು ಎಷ್ಟರಮಟ್ಟಿಗೆ ಸರಿಯಾಗಿ ಗುರುತಿಸುತ್ತವೆ ಎಂಬುದನ್ನು ಅಳೆಯುವ ವಿಧಾನಗಳಲ್ಲಿ ಪ್ರಾಸ್ಪೆಕ್ಟಿವ್ ಅಧ್ಯಯನಕ್ಕೆ ಹೆಚ್ಚಿನ ಬೆಲೆ. ಇದರಲ್ಲಿ ಅನುಮಾನದ ಮೇಲೆ ಆಸ್ಪತ್ರೆಗೆ ಬಂದ, ರೋಗ ಇದೆಯೋ ಇಲ್ಲವೋ ಇನ್ನೂ ತೀರ್ಮಾನವಾಗದ ರೋಗಿಗಳನ್ನು ಬಂದ ಸರದಿಯಲ್ಲೇ ಸೇರಿಸಿಕೊಳ್ಳುತ್ತಾರೆ. ಎಲ್ಲರಿಗೂ ಹೊಸ ಪರೀಕ್ಷೆಯನ್ನೂ ಈಗಾಗಲೇ ನಂಬಿಕೆ ಗಳಿಸಿದ ಪ್ರಮಾಣ ಪರೀಕ್ಷೆಯನ್ನೂ ಮಾಡಿ, ಒಂದರ ಫಲಿತಾಂಶ ಇನ್ನೊಂದನ್ನು ಓದುವವರಿಗೆ ಗೊತ್ತಾಗದಂತೆ ನೋಡಿಕೊಂಡು, ಕೊನೆಗೆ ಎರಡನ್ನೂ ತಾಳೆ ಹಾಕುತ್ತಾರೆ. ಈ ಕಟ್ಟುನಿಟ್ಟು ರೂಢಿಗೆ ಬರಲು ಹಲವು ದಶಕಗಳೇ ಹಿಡಿದವು.

1906ರಲ್ಲಿ ಜರ್ಮನಿಯ ಆಗಸ್ಟ್ ಫಾನ್ ವಾಸರ್‌ಮನ್ ಮತ್ತು ಸಂಗಡಿಗರು ಸಿಫಿಲಿಸ್‌ಗೆ ರಕ್ತಪರೀಕ್ಷೆ ಪ್ರಕಟಿಸಿದಾಗ ಅದು ಬೇಗನೆ ಜಗತ್ತಿನೆಲ್ಲೆಡೆ ಹಬ್ಬಿತು. ಮಲೇರಿಯ, ಕುಷ್ಠರೋಗ ಇದ್ದವರಲ್ಲೂ ಅದು ಪಾಸಿಟಿವ್ ಬರುತ್ತದೆ ಎಂಬುದು ಆಮೇಲೆ ಬೆಳಕಿಗೆ ಬಂತು. ಒಂದೊಂದು ಪ್ರಯೋಗಾಲಯದ್ದು ಒಂದೊಂದು ಪದ್ಧತಿಯಾಗಿದ್ದರಿಂದ ಫಲಿತಾಂಶಗಳೂ ಹೊಂದುತ್ತಿರಲಿಲ್ಲ. ಹೀಗಾಗಿ ರಾಷ್ಟ್ರಸಂಘದ ಆರೋಗ್ಯ ವಿಭಾಗ 1923 ಮತ್ತು 1928ರಲ್ಲಿ ಕೋಪನ್‌ಹೇಗನ್‌ಗೆ ತಜ್ಞರನ್ನು ಕರೆಸಿ, ಬೇರೆಬೇರೆ ಪದ್ಧತಿಗಳನ್ನು ಒಟ್ಟಿಗೆ ಒರೆಗೆ ಹಚ್ಚಿತು.

ಅಳತೆಯ ಭಾಷೆ ಸಿಕ್ಕಿದ್ದು ಕ್ಷಯರೋಗದಿಂದ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸಾಮೂಹಿಕ ತಪಾಸಣೆಗೆ ಯಾವ ಬಗೆಯ ಎಕ್ಸ್-ರೇ ಒಳ್ಳೆಯದು ಎಂದು ತಿಳಿಯಲು 1,256 ಜನರ ಎದೆಯ ಚಿತ್ರಗಳನ್ನು ನಾಲ್ಕು ತಂತ್ರಗಳಲ್ಲಿ ತೆಗೆದು ಐವರು ತಜ್ಞರಿಗೆ ಓದಲು ಕೊಟ್ಟರು. ತಂತ್ರಗಳ ನಡುವೆ ಇದ್ದದ್ದಕ್ಕಿಂತ ದೊಡ್ಡ ಅಂತರ ಓದುಗರ ನಡುವೆಯೇ ಕಂಡಿತು. ಅದೇ ಚಿತ್ರವನ್ನು ಮತ್ತೆ ನೋಡಿದಾಗ ತಜ್ಞರು ತಮ್ಮ ಮಾತನ್ನೇ ಬದಲಿಸಿದ್ದೂ ಉಂಟು. ಈ ಗೊಂದಲವನ್ನು ಲೆಕ್ಕಕ್ಕೆ ತರಲು ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ 1947ರಲ್ಲಿ ಎರಡು ಅಳತೆಗಳನ್ನು ಮುಂದಿಟ್ಟರು. ರೋಗವಿದ್ದವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ ಎಂಬುದು ಸಂವೇದನಶೀಲತೆ. ರೋಗವಿಲ್ಲದವರಲ್ಲಿ ಎಷ್ಟು ಮಂದಿಯನ್ನು ರೋಗವಿಲ್ಲವೆಂದು ಸರಿಯಾಗಿ ಗುರುತಿಸುತ್ತದೆ ಎಂಬುದು ನಿರ್ದಿಷ್ಟತೆ.

ಅಳತೆ ಸಿಕ್ಕರೂ ಯಾರನ್ನು ಅಳೆಯಬೇಕೆಂಬ ಪ್ರಶ್ನೆ ಉಳಿಯಿತು. 1969ರಲ್ಲಿ ಸಿಇಎ ಎಂಬ ರಕ್ತಪರೀಕ್ಷೆ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 36 ಮಂದಿಯಲ್ಲಿ 35 ಮಂದಿಯನ್ನು ಗುರುತಿಸಿ ಬೆರಗು ಹುಟ್ಟಿಸಿತ್ತು. ಆದರೆ ಅವರ ರೋಗ ಮೊದಲೇ ಖಚಿತವಾಗಿತ್ತು. ಆರಂಭದ ಹಂತದ ಕ್ಯಾನ್ಸರ್ ಇದ್ದವರಲ್ಲಿ ಪರೀಕ್ಷೆ ಸೋತಿತು. ಧೂಮಪಾನಿಗಳಲ್ಲಿ, ಯಕೃತ್ತಿನ ಕಾಯಿಲೆಯವರಲ್ಲಿ ಸುಮ್ಮಸುಮ್ಮನೆ ಏರಿತು. ಡೇವಿಡ್ ರಾನ್ಸಾಫ್ ಮತ್ತು ಆಲ್ವನ್ ಫೈನ್‌ಸ್ಟೈನ್ 1978ರ ಪ್ರಬಂಧದಲ್ಲಿ ಈ ದೋಷದ ಬೇರನ್ನು ತೋರಿಸಿದರು. ತೀರಾ ಕಾಯಿಲೆಯವರನ್ನೂ ಪೂರ್ತಿ ಆರೋಗ್ಯವಂತರನ್ನೂ ಎದುರುಬದುರು ನಿಲ್ಲಿಸಿದರೆ ಸಾಧಾರಣ ಪರೀಕ್ಷೆಯೂ ಮಿಂಚುತ್ತದೆ. ವೈದ್ಯರಿಗೆ ನೆರವು ಬೇಕಾಗುವುದು ನಡುವಿನ ಅನುಮಾನದ ರೋಗಿಗಳಲ್ಲಿ.

1990ರಲ್ಲಿ ಪ್ರಕಟವಾದ ಅಮೆರಿಕದ ಪಯೋಪೆಡ್ ಅಧ್ಯಯನ ನೇರವಾಗಿ ಇಂಥ ರೋಗಿಗಳ ಬಳಿಗೇ ಹೋಯಿತು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದೆಂಬ ಶಂಕೆಯಿದ್ದ 931 ಮಂದಿಗೆ ಶ್ವಾಸಕೋಶದ ಸ್ಕ್ಯಾನ್ ಮಾಡಿ, ಅವರಲ್ಲಿ 755 ಮಂದಿಗೆ ಪ್ರಮಾಣ ಪರೀಕ್ಷೆಯಾಗಿ ಆಂಜಿಯೋಗ್ರಾಮ್ ಮಾಡಲಾಯಿತು. ‘ಹೆಚ್ಚು ಸಂಭವ’ ಎಂಬ ಸ್ಕ್ಯಾನ್ ವರದಿ ಹೆಪ್ಪು ಇದ್ದವರಲ್ಲಿ ಶೇ. 41 ಮಂದಿಯನ್ನಷ್ಟೇ ಹಿಡಿದರೂ ಅದರ ನಿರ್ದಿಷ್ಟತೆ ಶೇ. 97 ಇತ್ತು. ಸ್ಕ್ಯಾನ್‌ಗೆ ಮುನ್ನ ವೈದ್ಯರು ಬರೆದಿಟ್ಟ ಅಂದಾಜು ಇನ್ನೊಂದು ಸಂಗತಿಯನ್ನು ಹೊರಗೆಡವಿತು. ವೈದ್ಯರಿಗೆ ಬಲವಾದ ಶಂಕೆಯಿದ್ದಲ್ಲಿ ಇದೇ ವರದಿ ಬಂದವರ ಪೈಕಿ ಶೇ. 96 ಮಂದಿಗೆ ಹೆಪ್ಪು ಇತ್ತು. ಶಂಕೆ ಕಡಿಮೆಯಿದ್ದಲ್ಲಿ ಶೇ. 56 ಮಂದಿಗೆ ಮಾತ್ರ.

ಅಧ್ಯಯನದ ವಿನ್ಯಾಸವೇ ಫಲಿತಾಂಶವನ್ನು ಎಷ್ಟು ಉಬ್ಬಿಸುತ್ತದೆ ಎಂಬುದನ್ನು ನೆದರ್ಲೆಂಡ್ಸ್‌ನ ಯೆರೋನ್ ಲೈಮರ್ ಮತ್ತು ಸಹೋದ್ಯೋಗಿಗಳು 1999ರಲ್ಲಿ 218 ಪರೀಕ್ಷೆಗಳ ಮೇಲಿನ 184 ಅಧ್ಯಯನಗಳನ್ನು ಜಾಲಾಡಿ ತೋರಿಸಿದರು. ರೋಗಿಗಳ ಗುಂಪನ್ನೂ ಆರೋಗ್ಯವಂತರ ಗುಂಪನ್ನೂ ಪ್ರತ್ಯೇಕವಾಗಿ ಆರಿಸಿಕೊಂಡ ಅಧ್ಯಯನಗಳಲ್ಲಿ ನಿಖರತೆಯ ಒಂದು ಸೂಚ್ಯಂಕ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡಿತು. ವರದಿ ಬರೆಯುವಾಗ ಏನೇನು ತಿಳಿಸಲೇಬೇಕೆಂಬ ‘ಸ್ಟಾರ್ಡ್’ ಮಾರ್ಗಸೂಚಿ 2003ರಲ್ಲಿ ಬಂತು, 2015ರಲ್ಲಿ ಪರಿಷ್ಕರಣೆಗೊಂಡಿತು.

ಭಾರತದಲ್ಲಿ ಈ ಚರ್ಚೆಗೆ ಮತ್ತೆ ಕ್ಷಯವೇ ನೆಲೆ. ಕ್ಷಯಕ್ಕಾಗಿ ಖಾಸಗಿಯಾಗಿ ವ್ಯಾಪಕವಾಗಿ ನಡೆಯುತ್ತಿದ್ದ ಪ್ರತಿಕಾಯ ರಕ್ತಪರೀಕ್ಷೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಿರಸ್ಕರಿಸಿತು, ಭಾರತ ಸರ್ಕಾರ 2012ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಕಫದಲ್ಲೇ ರೋಗಾಣುವಿನ ಡಿಎನ್‌ಎ ಹುಡುಕುವ ಎಕ್ಸ್‌ಪರ್ಟ್ ಪರೀಕ್ಷೆ ಬಂದಿತ್ತು. ಲಿಮಾ, ಬಾಕು, ಕೇಪ್‌ಟೌನ್, ಡರ್ಬನ್, ಮುಂಬೈಗಳಲ್ಲಿ 1,730 ಶಂಕಿತರ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಂಡವರಲ್ಲಿ ಒಂದೇ ಪರೀಕ್ಷೆ ಶೇ. 98.2ರಷ್ಟು, ಅಲ್ಲಿ ಕಾಣದೆ ಪ್ರಯೋಗಾಲಯದ ಕಲ್ಚರ್‌ನಲ್ಲಿ ಮಾತ್ರ ರೋಗಾಣು ಬೆಳೆದವರಲ್ಲಿ ಶೇ. 72.5ರಷ್ಟು ಪ್ರಕರಣಗಳನ್ನು ಹಿಡಿಯಿತು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಕೂಡ ಭಾರತ ಸೇರಿ ಹಲವು ದೇಶಗಳಲ್ಲಿ ಇಂಥದೇ ಅಧ್ಯಯನಕ್ಕೆ ಒಳಗಾಯಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಪಡೆಯಿತು.

ಪರೀಕ್ಷೆ ನಿಖರವಾದ ಮಾತ್ರಕ್ಕೆ ರೋಗಿಗೆ ಒಳಿತಾಗುತ್ತದೆಯೇ ಎಂಬುದು ಈಚಿನ ಪ್ರಶ್ನೆ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಜಾಂಬಿಯಾ, ಟಾಂಜಾನಿಯಾಗಳ ಚಿಕಿತ್ಸಾಲಯಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಕ್ಸ್‌ಪರ್ಟ್‌ನಿಂದಾಗಿ ಹೆಚ್ಚು ಜನರಿಗೆ ಅದೇ ದಿನ ಚಿಕಿತ್ಸೆ ಶುರುವಾಯಿತು, ಆದರೆ ರೋಗದ ಬಾಧೆ ತಗ್ಗಲಿಲ್ಲ. ಪರೀಕ್ಷೆ ನೆಗೆಟಿವ್ ಬಂದರೂ ರೋಗಲಕ್ಷಣಗಳನ್ನು ನೋಡಿ ವೈದ್ಯರು ಮೊದಲಿನಿಂದಲೂ ಅನೇಕರಿಗೆ ಔಷಧಿ ಕೊಡುತ್ತಿದ್ದುದು ಇದಕ್ಕೆ ಒಂದು ಕಾರಣ.