ತಾಳಯಂತ್ರಗಳೂ ವಾದ್ಯಗಾರನ ಹೆಸರೂ: ಒಂದು ಐತಿಹಾಸಿಕ ವಿವೇಚನೆ

ಇಂದಿನ ಚಿಕ್ಕಮಗಳೂರು ಜಿಲ್ಲೆಯು 1947ರವರೆಗೆ ಕಡೂರು ಜಿಲ್ಲೆಯೆಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದಿತು. ಈ ಜಿಲ್ಲೆಯ ಪಶ್ಚಿಮಭಾಗ ಮಲೆನಾಡು. ಕಡೂರು, ತರೀಕೆರೆಯ ಮೂಡಣ ಭಾಗ, ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ, ಇವು ಬಯಲುಸೀಮೆ. ಈ ಬಯಲುಸೀಮೆಯು ಚರ್ಮವಾದ್ಯಗಳ ನಾಡು. ಬೀರೇಶ್ವರನ ಉತ್ಸವಗಳಲ್ಲಿ ಹಾಲುಮತದವರ ಡೊಳ್ಳು, ವೀರಭದ್ರನ ಸೇವೆಯಲ್ಲಿ ವೀರಗಾಸೆಯೊಡನೆ ಮೊಳಗುವ ಸಂಬಾಳ ಕರಡೆಗಳು ಇಲ್ಲಿನ ಜನಕ್ಕೆ ಚಿರಪರಿಚಿತವಾದುವು. ಪ್ರಕೃತ ಲೇಖನದ ವಿಷಯವಾದರೋ ಅಮೆರಿಕದ ಹಿಪ್-ಹಾಪ್ ಸಂಗೀತವನ್ನು ರೂಪಿಸಿದ ತಾಳಯಂತ್ರ ಮತ್ತು ಸ್ಯಾಂಪ್ಲರುಗಳ ಚರಿತ್ರೆ. ಈ ಎರಡಕ್ಕೂ ಸಂಬಂಧವೇನೆಂದು ಓದುಗರು ಕೇಳುವುದು ಸಹಜ. ಇವುಗಳ ನಡುವೆ ವಂಶಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆ ಚರಿತ್ರೆಯು ಎತ್ತುವ ಒಂದು ಪ್ರಶ್ನೆ ಇಂದು ನಮ್ಮ ಬಾಗಿಲಿಗೂ ಬಂದಿದೆ: ಬಡಿತವನ್ನು ಬಡಿದ ಕೈಯಿಂದ ಬೇರ್ಪಡಿಸಿ ಯಂತ್ರದಲ್ಲಿ ಕೂಡಿಟ್ಟಮೇಲೆ, ಆ ಕೈಗೆ ಏನಾಗುವುದು?

ಮೊದಲು ನಮ್ಮ ವಾದ್ಯವನ್ನೇ ನೋಡೋಣ. ಡೊಳ್ಳು ಟೊಳ್ಳುಮಾಡಿದ ಮರದ ಎರಡು ಬಾಯಿಗಳಿಗೂ ಚರ್ಮವನ್ನು ಹಗ್ಗದಿಂದ ಬಿಗಿದ ವಾದ್ಯ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಆದ್ದರಿಂದ ಒಬ್ಬನೇ ವಾದ್ಯಗಾರನಲ್ಲಿ ಎರಡು ಬಗೆಯ ನಾದಗಳು ಹುಟ್ಟುವುವು. ಹತ್ತು ಹನ್ನೆರಡು ಜನ ಕೂಡಿ ಬಾರಿಸುವಾಗ ಎಲ್ಲರ ಪೆಟ್ಟೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಆ ಅತ್ಯಲ್ಪ ಚದುರುವಿಕೆಯೇ ಮೇಳದ ನಾದಕ್ಕೆ ವೈಶಾಲ್ಯವನ್ನು ತರುವುದು. ವೀರಗಾಸೆಯಲ್ಲಿ ವಾದ್ಯಗಳು ನಿಂತಾಗ ಒಬ್ಬನು ಒಡಪು ಹೇಳುವನು; ನುಡಿ ಮುಗಿದೊಡನೆ ವಾದ್ಯಗಳು ಮತ್ತೆ ಎದ್ದುಬರುವುವು. ನುಡಿಯೂ ಬಡಿತವೂ ಒಂದನ್ನೊಂದು ಕಾಯುವ ಈ ಕ್ರಮ ಗಮನಾರ್ಹವಾದುದು.

ಇನ್ನು ಹಿಪ್-ಹಾಪ್‌ನ ಕಡೆಗೆ ಬರೋಣ. ಇದರ ಆರಂಭವನ್ನು ಸಾಮಾನ್ಯವಾಗಿ 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ಕಟ್ಟಡದಲ್ಲಿ ನಡೆದ ಒಂದು ಕೂಟದಿಂದ ಎಣಿಸುವರು. ಜಮೈಕಾದಲ್ಲಿ ಹುಟ್ಟಿದ ಕೂಲ್ ಹರ್ಕ್ ಎಂಬ ತರುಣನು ಅಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸಿದನು. ಹಾಡು ನಿಂತು ಬರಿಯ ವಾದ್ಯಗತಿಯು ಉಳಿಯುವ ಭಾಗ ಬಂದಾಗ ಜನ ಹೆಚ್ಚು ಉತ್ಸಾಹದಿಂದ ಕುಣಿಯುವುದನ್ನು ಕಂಡ ಅವನು, ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿಟ್ಟು, ಆ ಭಾಗವನ್ನೇ ಮತ್ತೆ ಮತ್ತೆ ಮುಂದುವರಿಸುವ ಪದ್ಧತಿಯನ್ನು ರೂಢಿಗೆ ತಂದನು. ಹೀಗೆ ಪರರ ಬಡಿತವನ್ನು ಆಯ್ದು, ಕೈಚಳಕದಿಂದ ಆವರ್ತಿಸುವುದು ಈ ಕಲೆಯ ಮೂಲಕ್ರಿಯೆಯಾಯಿತು.

ಈ ಕ್ರಿಯೆಯನ್ನು ಯಂತ್ರಕ್ಕೆ ಒಪ್ಪಿಸಿದುದು ಮುಂದಿನ ಘಟ್ಟ. 1980ರಲ್ಲಿ ಎರಡು ಭಿನ್ನರೀತಿಯ ತಾಳಯಂತ್ರಗಳು ಹೊರಬಂದುವು. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಟಿಆರ್-808 ಎಂಬುದು ವಿದ್ಯುನ್ಮಂಡಲಗಳಿಂದಲೇ ನಾದವನ್ನು ಉತ್ಪತ್ತಿಮಾಡುತ್ತಿದ್ದಿತು. ಅದರಲ್ಲಿ ಯಾವ ವಾದ್ಯಗಾರನ ಕೈಯೂ ಇರಲಿಲ್ಲ. ಅಮೆರಿಕದ ರೋಜರ್ ಲಿನ್ ನಿರ್ಮಿಸಿದ ಎಲ್‌ಎಂ-1 ಎಂಬುದಾದರೋ ನಿಜವಾದ ವಾದ್ಯಗಳ ಪೆಟ್ಟುಗಳನ್ನು ಮುದ್ರಿಸಿ ಅಂಕಿಗಳ ರೂಪದಲ್ಲಿ ಸಂಗ್ರಹಿಸಿದ್ದಿತು. ಎಲ್‌ಎಂ-1ರ ಬೆಲೆ ಸುಮಾರು 5000 ಡಾಲರುಗಳಷ್ಟಿದ್ದುದರಿಂದ ಅದು ಶ್ರೀಮಂತ ಸಂಗೀತಗಾರರ ಪಾಲಾಯಿತು. ಟಿಆರ್-808ರ ತಯಾರಿಕೆ 1983ರಲ್ಲಿ ನಿಂತುಹೋಯಿತು; ಅನಂತರ ಅದು ಬಳಸಿದ ಸಾಮಾನಿನ ಅಂಗಡಿಗಳಲ್ಲಿ ಅಗ್ಗವಾಗಿ ದೊರೆತು ಬಡ ತರುಣರ ಕೈಸೇರಿತು. ಕಲಾಚರಿತ್ರೆಯಲ್ಲಿ ಬೆಲೆಯೂ ಒಂದು ಕಾರಣವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಭಾರತವು ಈ ಚರಿತ್ರೆಯಿಂದ ಹೊರಗಿರಲಿಲ್ಲ. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಇದೇ ಟಿಆರ್-808ನ್ನು ಬಳಸಿ ಹತ್ತು ರಾಗಗಳ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಆಗ ಅದನ್ನು ಗಮನಿಸಿದವರು ಸ್ವಲ್ಪವೇ. 2010ರಲ್ಲಿ ಅದು ಮರುಪ್ರಕಟವಾದಾಗ ಲೋಕದ ಗಮನಕ್ಕೆ ಬಂದಿತು. ನಮ್ಮ ನಾಡಿನಲ್ಲೇ, ಬೆಂಗಳೂರಿನಲ್ಲಿ, ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆಯು ಶ್ರುತಿಗಾಗಿ ವಿದ್ಯುತ್ ತಂಬೂರಿಯನ್ನೂ, ತಾಳಕ್ಕಾಗಿ ತಾಳಮಾಲಾ ಎಂಬ ವಿದ್ಯುತ್ ತಬಲಾವನ್ನೂ ತಯಾರಿಸಿತು. ಇಲ್ಲಿ ಯಂತ್ರದ ಕೆಲಸ ಬೇರೆ: ಗುರುವೋ ಪಕ್ಕವಾದ್ಯದವರೋ ಇಲ್ಲದ ಹೊತ್ತಿನಲ್ಲಿ ಸಾಧಕನಿಗೆ ಠೇಕಾವನ್ನು ಒದಗಿಸುವುದು. ಬ್ರಾಂಕ್ಸ್‌ನವರು ಯಂತ್ರವನ್ನೇ ವಾದ್ಯವನ್ನಾಗಿ ಮಾಡಿಕೊಂಡರು. ನಾವು ಅದನ್ನು ಅಭ್ಯಾಸದ ಜೊತೆಗಾರನನ್ನಾಗಿ ಇರಿಸಿಕೊಂಡೆವು.

1980ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕಿನ ಮಾರ್ಲಿ ಮಾರ್ಲ್ ಎಂಬಾತನು, ಹಳೆಯ ಮುದ್ರಿಕೆಯೊಂದರಿಂದ ಡ್ರಮ್ಮಿನ ಒಂದೇ ಪೆಟ್ಟನ್ನು ಕತ್ತರಿಸಿ ತೆಗೆದು ಬೇಕಾದ ಗತಿಯಲ್ಲಿ ಹೊಸದಾಗಿ ಜೋಡಿಸಬಹುದೆಂಬುದನ್ನು ಕಂಡುಕೊಂಡನು. 1987ರಲ್ಲಿ ಈ-ಮ್ಯೂ ಸಂಸ್ಥೆಯ ಎಸ್‌ಪಿ-1200, 1988ರಲ್ಲಿ ಲಿನ್ ಮತ್ತು ಜಪಾನಿನ ಅಕಾಯ್ ಸಂಸ್ಥೆ ಕೂಡಿ ರೂಪಿಸಿದ ಎಂಪಿಸಿ-60 ಬಂದುವು. ಎಸ್‌ಪಿ-1200ರ ನೆನಪಿನಲ್ಲಿ ಹಿಡಿಯುತ್ತಿದ್ದುದು ಒಟ್ಟು ಸುಮಾರು 10 ಸೆಕೆಂಡುಗಳ ಧ್ವನಿ ಮಾತ್ರ. ಈ ಕೊರತೆಯನ್ನು ಮೀರಲು ಕಲಾವಿದರು ನಿಮಿಷಕ್ಕೆ 33 ಸುತ್ತಿನ ಮುದ್ರಿಕೆಯನ್ನು 45 ಸುತ್ತಿನ ವೇಗದಲ್ಲಿ ನುಡಿಸಿ ಮುದ್ರಿಸಿಕೊಂಡು, ಆಮೇಲೆ ಯಂತ್ರದಲ್ಲಿ ನಿಧಾನಗೊಳಿಸುತ್ತಿದ್ದರು. ಅದರಿಂದ ಬಂದ ಒರಟು ನಾದವೇ ಆ ಕಾಲದ ಹಿಪ್-ಹಾಪ್‌ನ ಲಕ್ಷಣವಾಗಿ ನಿಂತಿತು. ಎಂಪಿಸಿಯ ಮೇಲಿದ್ದುದು ಸಾಲಿಗೆ ನಾಲ್ಕರಂತೆ 16 ಮೆತ್ತನೆಯ ಗುಂಡಿಗಳು. ಬೆರಳಿನಿಂದ ಬಡಿದಾಗ ನಾದ ಹೊರಡುವುದು.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಯಂತ್ರವು ಕೈಯನ್ನು ಕೊಂದಿತೆಂದು ಹಲವರು ಹೇಳುವರು. ಯಂತ್ರಕ್ಕೆ ಪ್ರತಿಯೊಂದು ಪೆಟ್ಟನ್ನೂ ಲೆಕ್ಕದ ಗೆರೆಗೆ ಎಳೆದು ಕೂರಿಸುವ ಶಕ್ತಿಯುಂಟೆಂಬುದು ನಿಜ. ಆದರೆ ಡೆಟ್ರಾಯಿಟ್ ನಗರದ ಜೆ ಡಿಲ್ಲಾ (1974–2006) ಆ ಸೌಕರ್ಯವನ್ನು ಹಲವೆಡೆ ಬದಿಗಿಟ್ಟು, ಬೆರಳಿನ ಪೆಟ್ಟು ಬಿದ್ದಲ್ಲೇ ಇರಲೆಂದು ಬಿಟ್ಟನು. ಆತನ ಲಯದಲ್ಲಿ ಕಾಣುವ ಓಲಾಟವು ತಪ್ಪಲ್ಲ, ಶೈಲಿ. ಆತನ ಎಂಪಿಸಿ-3000 ಯಂತ್ರವನ್ನು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ. ಆದ್ದರಿಂದ ಯಂತ್ರದಲ್ಲಿ ಬಡಿಯುವ ಕೈಗೆ ಉಳಿವೂ ಇದೆ, ಗೌರವವೂ ಇದೆ ಎಂದಾಯಿತು.

ಹಾಗಾದರೆ ನಷ್ಟವಾದುದು ಯಾವುದು? ಮೊದಲು ಬಡಿದ ಕೈಯ ಹೆಸರು. 1969ರಲ್ಲಿ ವಿನ್‌ಸ್ಟನ್ಸ್ ಎಂಬ ತಂಡದ ‘ಆಮೆನ್, ಬ್ರದರ್’ ಎಂಬ ಗೀತದಲ್ಲಿ ಗ್ರೆಗೊರಿ ಕೋಲ್‌ಮನ್ ಬಾರಿಸಿದ ಆರೇಳು ಸೆಕೆಂಡುಗಳ ಡ್ರಮ್ ಭಾಗವು ಮುಂದೆ ಸಾವಿರಾರು ಮುದ್ರಿಕೆಗಳಲ್ಲಿ ಬಳಕೆಯಾಯಿತು. ಆತನಿಗೆ ಅದರಿಂದ ಒಂದು ಕಾಸೂ ಬರಲಿಲ್ಲ; 2006ರಲ್ಲಿ ಬಡತನದಲ್ಲಿ ತೀರಿಕೊಂಡನು. ಅಭಿಮಾನಿಗಳು ಹಣ ಕೂಡಿಸಿ ತಂಡದ ನಾಯಕನಿಗೆ ಒಪ್ಪಿಸಿದುದು 2015ರಲ್ಲಿ. ಜೇಮ್ಸ್ ಬ್ರೌನ್‌ನ ತಂಡದಲ್ಲಿದ್ದ ಕ್ಲೈಡ್ ಸ್ಟಬ್ಬಲ್‌ಫೀಲ್ಡ್‌ನ ಗತಿಗೂ ಇದೇ ಬಗೆಯ ಪ್ರಚಾರ ದೊರೆಯಿತು, ಫಲ ದೊರೆಯಲಿಲ್ಲ. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಅನುಮತಿಯಿಲ್ಲದೆ ತುಣುಕನ್ನು ಬಳಸುವುದು ತಪ್ಪೆಂದು ತೀರ್ಪಿತ್ತಿತು. ಆದರೆ ಅನುಮತಿ ಕೊಡುವ ಅಧಿಕಾರ ಸಾಮಾನ್ಯವಾಗಿ ಗೀತದ ಮತ್ತು ಮುದ್ರಿಕೆಯ ಒಡೆಯರದು, ಬಾರಿಸಿದವನದಲ್ಲ.

ಈಗ ಮತ್ತೆ ನಮ್ಮ ಬಯಲುಸೀಮೆಗೆ ಬರೋಣ. ಇಂದು ಜಾತ್ರೆಯಲ್ಲಿ ಡೊಳ್ಳಿನ ನಾದವನ್ನು ಮುದ್ರಿಸಿಕೊಳ್ಳಲು ಕೈಯಲ್ಲಿರುವ ದೂರವಾಣಿಯೇ ಸಾಕು. ಆ ತುಣುಕು ಯಾವ ನಗರದ ಯಾವ ಗೀತವನ್ನಾದರೂ ಸೇರಬಹುದು. ಸೇರುವುದು ತಪ್ಪೂ ಅಲ್ಲ. ನಮ್ಮ ಶಾಸನವು ಈ ವಿಷಯದಲ್ಲಿ ಮೌನವಾಗಿಲ್ಲ. 1957ರ ಕೃತಿಸ್ವಾಮ್ಯ ಶಾಸನಕ್ಕೆ 1994ರಲ್ಲಿ ಆದ ತಿದ್ದುಪಡಿಯು ಪ್ರದರ್ಶಕನ ಹಕ್ಕನ್ನು ಸೇರಿಸಿತು. ಪ್ರದರ್ಶಕರೆಂದರೆ ಯಾರೆಂದು ಹೇಳುವಲ್ಲಿ ಗಾಯಕ ವಾದಕರೊಡನೆ ಹಾವಾಡಿಗನೂ ಎಣಿಕೆಗೆ ಬಂದಿದ್ದಾನೆ. 2012ರ ತಿದ್ದುಪಡಿಯು, ಬಳಕೆಯ ರೀತಿಯೇ ಅಡ್ಡಬಾರದ ಕಡೆಗಳಲ್ಲಿ, ತನ್ನ ಹೆಸರನ್ನು ಹೇಳಬೇಕೆಂದು ಕೇಳುವ ಹಕ್ಕನ್ನೂ ಪ್ರದರ್ಶಕನಿಗೆ ಕೊಟ್ಟಿತು. ಆದರೆ ಹೆಸರೇ ದಾಖಲೆಯಾಗದಿದ್ದಲ್ಲಿ ಹಕ್ಕು ಯಾರಿಗೆ ಸಲ್ಲಬೇಕು? ‘ಜಾನಪದ ವಾದ್ಯ’ ಎಂಬ ಎರಡು ಪದಗಳ ಕೆಳಗೆ ಒಂದು ಊರಿನ ಮೇಳವೇ ಅಡಗಿಹೋಗುವುದು.

ಈ ಕೊರತೆಯನ್ನು ತುಂಬುವ ಹೊಣೆ ನ್ಯಾಯಾಲಯಕ್ಕಿಂತ ಮೊದಲು ವಿದ್ಯಾಲಯಗಳದು. ಕಡೂರು, ತರೀಕೆರೆ, ಅಜ್ಜಂಪುರಗಳ ಹಳ್ಳಿಗಳಲ್ಲಿ ಧ್ವನಿಸಂಗ್ರಹಕ್ಕೆ ಹೋಗುವ ವಿದ್ಯಾರ್ಥಿಯು ಗತಿಯನ್ನು ಬರೆದುಕೊಳ್ಳುವ ಮುನ್ನ ಬಾರಿಸಿದವರ ಹೆಸರು, ಊರು, ಸಂದರ್ಭ, ವಾದ್ಯದ ಮರ ಮತ್ತು ಚರ್ಮ, ಅವರಿಂದ ಪಡೆದ ಒಪ್ಪಿಗೆ, ಇವನ್ನು ಬರೆದುಕೊಳ್ಳತಕ್ಕದ್ದು. ಪ್ರತಿಯೊಂದು ಮುದ್ರಣದೊಡನೆ ಈ ವಿವರವು ಅಗಲದೆ ಇರತಕ್ಕದ್ದು. ಕೋಲ್‌ಮನ್ನನ ಹೆಸರನ್ನು ಲೋಕವು ತಡವಾಗಿಯಾದರೂ ಅರಿತುದು, ಹಳೆಯ ಮುದ್ರಿಕೆಯಿಂದ ಅವನ ತಂಡವನ್ನು ಗುರುತಿಸಲು ಸಾಧ್ಯವಾದುದರಿಂದ. ನಮ್ಮ ಡೊಳ್ಳಿನವರಿಗೆ ಅಷ್ಟಾದರೂ ಆಧಾರವನ್ನು ಒದಗಿಸುವುದು ನಮ್ಮ ಕೈಯಲ್ಲಿದೆ.